ಸ್ಪ್ಯಾಮ್‌ಗೆ ಬಿದ್ದ ಪತ್ರಗಳು

ಮಂಗಳವಾರ ಬೆಳಿಗ್ಗೆ 10.20ಕ್ಕೆ ಬಸ್ ಡಿಪೋದ ಮೆಕ್ಯಾನಿಕ್ ಒಬ್ಬ ಠಾಣೆಗೆ ಬಂದು, ತನ್ನ ಹೆಸರಿನಲ್ಲಿ ಬೇರೆ ಯಾರೋ ಇ-ಮೇಲ್ ಬರೆದಿದ್ದಾರೆಂದು ದೂರು ಕೊಟ್ಟ. ಜೊತೆಯಲ್ಲಿ ಅಸ್ಥಿಮಜ್ಜೆ ದಾನಿಗಳ ನೋಂದಣಿ ಕಚೇರಿಯ ಸಂಯೋಜಕಿ ಇದ್ದಳು. ಇನ್‌ಸ್ಪೆಕ್ಟರ್ ಮೊದಲು ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಸಂಯೋಜಕಿ ಬಿಡಿಸಿ ಹೇಳಿದ ಮೇಲೆ ಇನ್‌ಸ್ಪೆಕ್ಟರ್ ಮೇಡಂಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಮೆಕ್ಯಾನಿಕ್ ಆರು ವರ್ಷದ ಹಿಂದೆ ದಾನಿಯಾಗಿ ಹೆಸರು ಬರೆಸಿದ್ದ. ಈಗ ಒಬ್ಬ ರೋಗಿಗೆ ಅವನ ಮಜ್ಜೆ ಹೊಂದಿಕೆಯಾಗಿತ್ತು. ಅವನ ಹಳೆಯ ಫೋನ್ ನಂಬರ್ ಸತ್ತುಹೋಗಿದ್ದರಿಂದ ಕಚೇರಿಯವರು ನಾಲ್ಕು ಮೇಲ್ ಕಳಿಸಿದ್ದರು. ಮೂರಕ್ಕೆ ಉತ್ತರವಿಲ್ಲ. ನಾಲ್ಕನೆಯದಕ್ಕೆ, ದಾನ ಮಾಡಲು ಇಷ್ಟವಿಲ್ಲ ಎಂಬ ಉತ್ತರ. ಫೈಲು ಮುಚ್ಚುವ ಮೊದಲು ಒಂದು ಮಾತು ಕೇಳೋಣವೆಂದು ಸಂಯೋಜಕಿ ಡಿಪೋಗೆ ಹೋದರೆ, ಅವನು ತಾನು ಯಾವ ಉತ್ತರವನ್ನೂ ಬರೆದೇ ಇಲ್ಲವೆಂದ.

ಅವನೇನೋ ಈಗಲೂ ಸಿದ್ಧ. ಆದರೆ ವೈದ್ಯರಿಗೆ ಅನುಮಾನ. ಒಲ್ಲೆ ಎಂದವನು ಇವನೇ ಆಗಿದ್ದು, ಈಗ ಯಾರದೋ ಒತ್ತಾಯಕ್ಕೆ ಹೂಂ ಅನ್ನುತ್ತಿದ್ದರೆ? ರೋಗಿಯ ಮಜ್ಜೆಯನ್ನು ಔಷಧದಿಂದ ನಾಶಮಾಡಿದ ಮೇಲೆ ದಾನಿ ಹಿಂದೆ ಸರಿದರೆ ರೋಗಿ ಉಳಿಯುವುದಿಲ್ಲ. ಈ ದಾನಿಯನ್ನೇ ನಂಬುವುದೋ ಬೇರೆಯವರನ್ನು ಹುಡುಕುವುದೋ ಎಂದು ವೈದ್ಯರು ಬುಧವಾರ ಸಂಜೆ ನಿರ್ಧರಿಸುವವರಿದ್ದರು; ಅಷ್ಟರೊಳಗೆ ಸತ್ಯ ತಿಳಿಯಬೇಕಿತ್ತು.

10.55ಕ್ಕೆ ಎಫ್‌ಐಆರ್ ದಾಖಲಾಯಿತು. ಕಂಪ್ಯೂಟರ್ ವಿದ್ಯೆ ಬಲ್ಲ ಕಾನ್‌ಸ್ಟೆಬಲ್‌ನನ್ನು ಠಾಣೆಯಲ್ಲೆಲ್ಲ ಮೌಸಪ್ಪ ಎಂದೇ ಕರೆಯುತ್ತಿದ್ದರು. ಅವನು ಮೆಕ್ಯಾನಿಕ್‌ನ ಮೇಲ್ ತೆರೆದು ಖಾತೆಯ ಚಟುವಟಿಕೆ ನೋಡಿದ. ಉತ್ತರ ಹೋದದ್ದು ಹಿಂದಿನ ಗುರುವಾರ ಬೆಳಿಗ್ಗೆ 11.12ಕ್ಕೆ, ಮೆಕ್ಯಾನಿಕ್‌ನ ಮನೆಯ ಕಂಪ್ಯೂಟರಿನಿಂದಲೇ. ಆ ಹೊತ್ತಿಗೆ ಮೆಕ್ಯಾನಿಕ್ ಡಿಪೋದಲ್ಲಿದ್ದನೆಂದು ಹಾಜರಿ ಪುಸ್ತಕ ಹೇಳಿತು. ಮನೆಯಲ್ಲಿ ಇನ್ನಿಬ್ಬರು, ಹೆಂಡತಿ ಮತ್ತು ತಾಯಿ.

ಮಧ್ಯಾಹ್ನ 2.45ಕ್ಕೆ ಅಕ್ಕಪಕ್ಕದ ಇಬ್ಬರನ್ನು ಪಂಚರನ್ನಾಗಿ ಕರೆದು ಪಂಚನಾಮೆ ಶುರುವಾಯಿತು. ಪುಟ್ಟ ಮನೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಕಂಪ್ಯೂಟರ್, ಅದರ ಮೇಲೆ ಹೊಲಿದ ಬಟ್ಟೆಯ ಮುಸುಕು. ತಾಯಿ ಕುರ್ಚಿ ತಂದು ಹಾಕಿದರು. ಮೌಸಪ್ಪ ಸ್ಪ್ಯಾಮ್ ಕಡತ ತೆರೆದ. ನಾಲ್ಕೂ ಪತ್ರಗಳು ಲಾಟರಿ, ಸಾಲದ ಜಾಹೀರಾತುಗಳ ನಡುವೆ ಬಿದ್ದಿದ್ದವು.

"ಮೊದಲೆರಡನ್ನ ಯಾರೋ ಕೈಯಾರೆ ಸ್ಪ್ಯಾಮ್ ಅಂತ ಒತ್ತಿದ್ದಾರೆ ಮೇಡಂ. ಆಮೇಲೆ ಮೇಲ್‌ಗೇ ಅದು ರೂಢಿ ಆಗಿಬಿಟ್ಟಿದೆ. ಈ ವಿಳಾಸದಿಂದ ಬಂದದ್ದನ್ನ ತಾನೇ ಎತ್ತಿ ಇಲ್ಲಿ ಹಾಕಿದೆ."

ಮೆಕ್ಯಾನಿಕ್ ತಿರುಗಿ, ಪೊಲೀಸರು ಶಾಲೆಯಿಂದ ಕರೆಸಿದ್ದ ಹೆಂಡತಿಯನ್ನು ನೋಡಿದ. ಹೆಸರು ಬರೆಸಿದಾಗ ಇದೇ ವಿಷಯಕ್ಕೆ ಇಬ್ಬರೂ ವಾರಗಟ್ಟಲೆ ಮಾತು ಬಿಟ್ಟಿದ್ದರಂತೆ.

"ಬೇಡ ಅಂದಿದ್ದು ನಿಜ," ಎಂದಳು ಆಕೆ. "ಬರೆದಿದ್ದು ನಾನಲ್ಲ."

ಆಕೆ ಶಾಲೆಯಲ್ಲಿ ಟೀಚರ್. ಗುರುವಾರ ರಜೆ ಹಾಕಿದ್ದಳೋ ಏನೋ, ವಿಚಾರಿಸಬೇಕಿತ್ತು. ಇನ್‌ಸ್ಪೆಕ್ಟರ್ ಠಾಣೆಗೆ ಬನ್ನಿ ಎಂದು ಹೇಳಹೊರಟವಳು ತಡೆದು, ಕೈಯಲ್ಲಿದ್ದ ಉತ್ತರವನ್ನು ಇನ್ನೊಮ್ಮೆ ಓದಿದಳು. ಮೇಲೆ ವಿಷಯ, ಅದರ ಕೆಳಗೆ ಉಲ್ಲೇಖ, ಆಮೇಲೆ 'ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ'. ಸ್ಪ್ಯಾನರ್ ಹಿಡಿಯುವವನ ಬರಹವಲ್ಲ, ಮಕ್ಕಳಿಗೆ ಅಕ್ಷರ ಕಲಿಸುವವಳದೂ ಅಲ್ಲ.

"ಅಮ್ಮ, ನೀವು ಯಾವ ಕೆಲಸದಲ್ಲಿದ್ರಿ?"

"ಟೈಪಿಸ್ಟ್. ಇಪ್ಪತ್ತೊಂಬತ್ತು ವರ್ಷ." ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತರು. "ಸೊಸೆನ ಎಲ್ಲಿಗೂ ಕರ್ಕೊಂಡು ಹೋಗ್ಬೇಡಿ. ಬರೆದಿದ್ದು ನಾನು."

ಠಾಣೆಯಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ. ದೊಡ್ಡ ಮಗನಿಗೆ ಹತ್ತೊಂಬತ್ತು ತುಂಬಿದಾಗ ಹೊಟ್ಟೆನೋವು ಬಂದಿತ್ತು. ಚಿಕ್ಕ ಆಪರೇಷನ್, ಸಂಜೆಗೆಲ್ಲ ಮಾತಾಡ್ತಾನೆ ಎಂದು ವೈದ್ಯರು ಅಂದಿದ್ದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ತಾಯಿಯೇ. ಹುಡುಗ ಕಣ್ಣು ಬಿಡಲೇ ಇಲ್ಲ. ಕರೆಂಟ್ ಬಿಲ್ ಕಟ್ಟಲು ಕೂತಾಗ ಮಗನ ಮೇಲ್‌ನಲ್ಲಿ ನೋಂದಣಿ ಕಚೇರಿಯ ಪತ್ರ ಕಂಡದ್ದೇ ಸ್ಪ್ಯಾಮ್ ಅಂತ ಒತ್ತಿಬಿಟ್ಟರಂತೆ. ದಿನಾ ಬೆಳಿಗ್ಗೆ ಮಗ ಡಿಪೋಗೆ ಹೊರಟ ಮೇಲೆ ಹೊಸತು ಬಂದಿದೆಯೇ ಎಂದು ತೆಗೆದು ನೋಡುತ್ತಿದ್ದರು. ಇಷ್ಟವಿಲ್ಲ ಅಂದರೆ ಕಚೇರಿಯವರೇ ಬಿಟ್ಟುಬಿಡುತ್ತಾರೆ ಎಂದುಕೊಂಡು ಕೊನೆಗೆ ಉತ್ತರ ಬರೆದರು.

ಮಗ ದೂರು ವಾಪಸ್ ಪಡೆಯುತ್ತೇನೆಂದು ಗೋಗರೆದ. ಎಫ್‌ಐಆರ್ ಆದ ಮೇಲೆ ಅದು ತನ್ನ ಕೈಯಲ್ಲೂ ಇಲ್ಲ, ಜಾಮೀನು ಇವತ್ತೇ ಸಿಗುತ್ತದೆ ಎಂದು ಇನ್‌ಸ್ಪೆಕ್ಟರ್ ಹೇಳಿದಳು. 4.40ಕ್ಕೆ ಬಂಧನದ ದಾಖಲೆಗೆ ಸಹಿಯಾಯಿತು. ಹೇಳಿಕೆಯ ಪ್ರತಿ ವೈದ್ಯರಿಗೆ ಹೋಯಿತು. ಅರ್ಧ ಗಂಟೆಯಲ್ಲಿ ಸಂಯೋಜಕಿಯ ಫೋನ್ ಬಂತು: ದಾನಿ ಈಗಲೇ ರಕ್ತ ಪರೀಕ್ಷೆಗೆ ಬರಬಹುದು.

ಮಗ ಎದ್ದು ನಿಂತ. ಅಮ್ಮನನ್ನು ನೋಡಲಾರದೆ ಬಾಗಿಲ ಕಡೆ ಮುಖ ಮಾಡಿದ.

"ಆ ರೋಗಿಗೆ ತಾಯಿ ಇದ್ದಾಳಾ?" ಎಂದು ಅವರು ಇನ್‌ಸ್ಪೆಕ್ಟರನ್ನು ಕೇಳಿದರು.

"ಗೊತ್ತಿಲ್ಲಮ್ಮ. ಗೊತ್ತಿದ್ರೂ ಹೇಳೋ ಹಾಗಿಲ್ಲ."

ಅವರು ಮಗನ ಬೆನ್ನಿಗೆ ಹೇಳಿದರು, "ಮಧ್ಯಾಹ್ನ ಏನೂ ತಿಂದಿಲ್ಲ ನೀನು. ಹೊಟ್ಟೆಗೇನಾದ್ರೂ ಹಾಕ್ಕೊಂಡು ಹೋಗು."