ಮಲಗಿದ ನರಗಳು

ಕಸ್ತೂರಿಯ ತಲೆಗೆ ತೊಡಿಸಿದ್ದ ಜಾಲರಿ ಟೊಪ್ಪಿಗೆ ಸದ್ದಿಲ್ಲದೆ ಬೆಚ್ಚಗಾಯಿತು. ಎದುರಿನ ಗೋಡೆಯ ಮೇಲೆ ಅವಳ ಮಿದುಳು, ವಿಮಾನದಿಂದ ಕಂಡ ರಾತ್ರಿಯ ಊರಿನಂತೆ, ಚುಕ್ಕೆಚುಕ್ಕೆಯಾಗಿ ಮೂಡತೊಡಗಿತು. ನರಕೋಶಗಳು ಸತ್ತಲ್ಲಿ ಕಪ್ಪು, ದುಡಿಯುತ್ತಿದ್ದಲ್ಲಿ ಹಳದಿ, ಬದುಕಿದ್ದೂ ಸುಮ್ಮನಾದಲ್ಲಿ ನೀಲಿ.

ಮಗಳು ಸಿಂಚನಾ ಕಪ್ಪನ್ನೇ ಕಾಯುತ್ತ ಕುಳಿತಿದ್ದಳು. 2063ರ ಬೇಸಿಗೆ ಅದು. ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸಿ, ರೊಟ್ಟಿ ಬಡಿಯುತ್ತಲೇ ಉಣ್ಣುವವರ ಕಾಲೆಳೆಯುತ್ತಿದ್ದ ಅವ್ವ, ಎಪ್ಪತ್ತು ದಾಟಿದ ಮೇಲೆ ಹೆಸರು ಮರೆತಳು, ಒಲೆ ಮರೆತಳು, ಕೊನೆಗೆ ಮಾತೇ ಬಿಟ್ಟಳು. ಮೊದಲಿನ ಡಾಕ್ಟರು ಹಳೆಯ ಸ್ಕ್ಯಾನ್ ನೋಡಿ ಮರೆವಿನ ರೋಗವೆಂದಿದ್ದರು. ಹೊಸ ಯಂತ್ರವೂ ಹಾಗೆಂದರೆ ಸರ್ಕಾರದ ಆರೈಕೆಮನೆಯಲ್ಲಿ ಜಾಗ ಸಿಗುತ್ತಿತ್ತು. ಸಿಂಚನಾ ಬಂದದ್ದು ಅದಕ್ಕೇ.

ಯಂತ್ರವನ್ನು ರೂಪಿಸಿದ ಡಾ. ಝರೀನಾ ನದಾಫ ಚಿತ್ರವನ್ನು ತಿರುಗಿಸಿದರು. ಕಿವಿಯ ಒಳಬದಿಗಿರುವ, ಕಡಲಕುದುರೆಯ ಆಕಾರದ ಪುಟ್ಟ ಭಾಗವೊಂದು ದೊಡ್ಡದಾಯಿತು. ನೆನಪು ರೂಪುಗೊಳ್ಳುವುದು ಅಲ್ಲಿ. ಅದು ಕುಗ್ಗಿತ್ತು, ನಿಜ. ಆದರೆ ಕಪ್ಪು ಅಲ್ಲೊಂದು ಇಲ್ಲೊಂದು, ಉಳಿದದ್ದೆಲ್ಲ ನೀಲಿ.

"ಇದು ಮರೆವಿನ ರೋಗ ಅಲ್ಲ ಬಿಡ್ರಿ," ಎಂದರು ಝರೀನಾ. "ಖಿನ್ನತೆ. ವಯಸ್ಸಾದವರಿಗೆ ಬಹಳ ದಿನ ಖಿನ್ನತೆ ಇದ್ರ ಈ ಭಾಗ ಹಿಂಗ ಕುಗ್ಗಬಹುದು. ಹಳೇ ಸ್ಕ್ಯಾನಿಗೆ ಗಾತ್ರ ಅಷ್ಟ ಕಾಣತಿತ್ತು. ಒಳಗ ಜೀವ ಅದನೋ ಇಲ್ಲೋ ಕಾಣತಿರಲಿಲ್ಲ."

"ಅಳಲಿಲ್ಲ, ಬ್ಯಾಸರ ಅನ್ನಲಿಲ್ಲ. ಸುಮ್ನ ಗ್ವಾಡಿ ನೋಡಕೋತ ಕುಂದರತಿದ್ಲು. ಅದೆಂಥಾ ಖಿನ್ನತೆರೀ?"

"ಈ ವಯಸ್ಸಿನಾಗ ಅಳು ಬರಬೇಕಂತಿಲ್ಲ. ಮಾತು, ಹಸಿವು, ನೆನಪು ಎಲ್ಲಾ ಕಸಗೋತದ." ಝರೀನಾ ಕಸ್ತೂರಿಯ ಕಿವಿಯ ಬಳಿ ಬಾಗಿ, "ಅಮ್ಮಾರ, ನಿಮ್ಮ ಮಗಳು ಸಿಂಚನಾ ಬಂದಾರ," ಎಂದರು.

ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಗೋಡೆಯ ಮೇಲೆ ಮಾತ್ರ ಹಳದಿ ಬೆಳಕು ಈ ತುದಿಯಿಂದ ಆ ತುದಿಗೆ ಹಬ್ಬಿತು.

"ನೋಡ್ರಿ. ಇವರಿಗೆ ಎಲ್ಲಾ ತಿಳೀತದ. ಇಷ್ಟು ದಿನಾನೂ ತಿಳೀತಿತ್ತು."

ಖಾನಾವಳಿ ಕೊಳ್ಳಲು ಬಂದವರಿಗೆ, "ಅಕಿ ಕುಂತಿರಲಿ, ಏನೂ ತಿಳಿಯೂದಿಲ್ಲ, ನೀವು ಮಾತಾಡ್ರಿ," ಎಂದು ತಾನು ಹೇಳಿದ್ದು ಸಿಂಚನಾಳಿಗೆ ನೆನಪಾಯಿತು. ಅವ್ವನ ಮಗ್ಗುಲಲ್ಲೇ ಕುಳಿತು ಫೋನಿನಲ್ಲಿ ತಂಗಿಗೆ, "ದೇವರು ಲಗೂನ ಕರಕೊಂಡ್ರ ಅಕಿಗೂ ಬಿಡುಗಡೆ, ನಮಗೂ ಬಿಡುಗಡೆ," ಎಂದದ್ದೂ.

ಚಿಕಿತ್ಸೆಯೂ ಅದೇ ಟೊಪ್ಪಿಗೆಯಿಂದ. ನೀಲಿ ಜಾಗಗಳನ್ನು ಹುಡುಕಿ, ಕಾಂತಶಕ್ತಿಯಿಂದ ಮೆಲ್ಲಗೆ ತಟ್ಟಿ ಎಬ್ಬಿಸುವುದು. ಜೊತೆಗೆ ಮಾತ್ರೆ, ಮತ್ತು ದಿನಾ ಯಾರಾದರೂ ಕುಳಿತು ಮಾತಾಡುವುದು. ಸಿಂಚನಾ ತಾನೇ ಕರೆತರುತ್ತಿದ್ದಳು, ಆದರೆ ಅವ್ವನ ಕಣ್ಣಿಗೆ ಕಣ್ಣು ಕೊಡಲು ಆಗುತ್ತಿರಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಕಸ್ತೂರಿ ನೀರು ಕೇಳಿದಳು. ಆಮೇಲೆ ಸಾರಿಗೆ ಉಪ್ಪು ಕಡಿಮೆಯೆಂದಳು.

ಒಂದು ಮಧ್ಯಾಹ್ನ ಸಿಂಚನಾ ತಡೆಯಲಾರದೆ ಬಾಯಿಬಿಟ್ಟಳು. "ಅವ್ವಾ, ನಾ ಫೋನಿನಾಗ ಅಂದದ್ದು..."

"ಕೇಳಿಸಿತ್ತು."

"ಸಿಟ್ಟು ಬರಲಿಲ್ಲ?"

"ಸಿಟ್ಟಿಗೂ ಶಕ್ತಿ ಬೇಕಲ್ಲವಾ. ಮಾತು ನಾಲಿಗಿತನಾ ಬರತಿತ್ತು, ಎತ್ತಿ ಹೊರಗ ಹಾಕಾಕ ಆಗತಿರಲಿಲ್ಲ. ನೀ ಅಂದದ್ದು ಖರೇ ಅನಿಸ್ತು. ಅವತ್ತಿಂದನ ಉಣ್ಣೂದು ಬಿಟ್ಟೆ. ನೀವು ಅದನ್ನೂ ರೋಗ ಅಂದ್ರಿ."

ಬಾಯಿಗಿಟ್ಟ ತುತ್ತು ಹಾಗೇ ಉಳಿದಾಗ, ಅವ್ವ ನುಂಗುವುದನ್ನೂ ಮರೆತಳೆಂದು ಇಡೀ ಮನೆ ನಂಬಿತ್ತು.

ಮುಂದಿನ ಸಲ ಅವಳು ಝರೀನಾರಿಗೆ ಕೈಮುಗಿದಳು. "ನಿಮ್ಮ ಯಂತ್ರ ಬರದ ಇದ್ರ ಅವ್ವನ್ನ ನಾನ ಕೊಂದಿರತಿದ್ದೆ."

ಝರೀನಾ ಹಿಗ್ಗಲಿಲ್ಲ. "ಎಲ್ಲಾರೂ ಹಿಂಗ ಆರಾಮ ಆಗೂದಿಲ್ಲ. ಖರೇನ ಮರೆವಿನ ರೋಗ ಇದ್ದವರೂ ಇಲ್ಲಿ ಬರತಾರ. ಆದರ ವಯಸ್ಸಾದವರ ಖಿನ್ನತೆ ಮರೆವಿನ ವೇಷ ಹಾಕಿ ಬರತದ ಅನ್ನೂದು ನಿಮ್ಮವ್ವ ಹರೇದಾಕಿ ಇದ್ದಾಗನ ಡಾಕ್ಟರಿಗೆ ಗೊತ್ತಿತ್ತು. ಔಷಧಾನೂ ಇತ್ತು. ಯಾರರ ಮಗ್ಗಲ ಕುಂತು, ಮನಸ್ಸಿಗೆ ಹೆಂಗಾಗೇದ ಅಂತ ಕೇಳಿದ್ರ ಎಷ್ಟೋ ಮಂದಿ ಉಳೀತಿದ್ರು. 'ವಯಸ್ಸಾತು' ಅಂದು ಎಲ್ಲಾರೂ ಎದ್ದು ಹೋದ್ರು."

ಸಿಂಚನಾಳಿಗೆ ತನ್ನ ಆಯಿ, ಅಪ್ಪನ ತಾಯಿ, ನೆನಪಾದಳು. ಅವಳು ಶಾಲೆಗೆ ಹೋಗುತ್ತಿದ್ದ ಕಾಲ, 2026 ಇರಬೇಕು. ಆಯಿ ಹಿತ್ತಲ ಬಾಗಿಲಲ್ಲಿ ದಿನವಿಡೀ ಮಾತಿಲ್ಲದೆ ಕೂರುತ್ತಿದ್ದಳು. ಒಂದು ಬೆಳಿಗ್ಗೆ, ಎಲ್ಲರೂ ಅವಸರದಲ್ಲಿ ಹೊರಟಿದ್ದಾಗ, ಆಯಿ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತು, ಏನೋ ಹೇಳಲೆಂದು ಬಾಯಿ ತೆರೆದಿದ್ದಳು.

ಯಾರೂ ನಿಲ್ಲಲಿಲ್ಲ.