‘ಹೊ’ ಅಕ್ಷರದ ಕೊಂಬು

ಮೊದಲ ಏಟು ದವಡೆಗೆ ಬಿತ್ತು, ಎರಡನೆಯದು ಮೂಗಿಗೆ. ಮೂರನೆಯದಕ್ಕೆ ಅವಳು ಕೈ ಎತ್ತುವಷ್ಟರಲ್ಲಿ ಅವನು ಕುರ್ಚಿಯ ಸಮೇತ ಹಿಂದಕ್ಕೆ ಮಗುಚಿಕೊಂಡ. ಮಸಿಯ ಬಾಟಲಿ ಉರುಳಿತು. ಅವನ ಬಲಗೈಯಲ್ಲಿದ್ದ ಬ್ಲೇಡು ಕಸಿಯಲು ಅವಳು ಆ ಕೈಯ ಮೇಲೆಯೇ ಬೂಟುಗಾಲಿಟ್ಟಳು. ಕಿರುಬೆರಳು ಒಣಕಡ್ಡಿಯ ಹಾಗೆ ಲಟಕ್ಕೆಂದಿತು.

“ಯಾವನೋ ನೀನು? ಆ ಪುಟ ಯಾಕೋ ಕೆರೀತಿದ್ದೀಯ?”

“ತಿದ್ತಾ ಇದ್ದೆ.” ಬಾಯಿಗಿಳಿದ ರಕ್ತ ಉಗಿದು ಅವನು ಹೇಳಿದ. “ತಿದ್ದೋದೇ ನನ್ನ ಕೆಲಸ ಕಣ್ರೀ.”

ಕಣ್ರೀ! ಮೂಗು ಒಡೆಸಿಕೊಂಡು, ಬೆರಳು ಮುರಿಸಿಕೊಂಡು ನೆಲದ ಮೇಲೆ ಬಿದ್ದವನು ಇನ್ನೂ ಬಹುವಚನ ಬಿಟ್ಟಿರಲಿಲ್ಲ. ಅವಳ ಮುಷ್ಟಿ ಗಾಳಿಯಲ್ಲೇ ನಿಂತಿತು.

ಗಲಾಟೆ ಕೇಳಿ ಕೆಳಗಿನ ಅಚ್ಚಿನ ಕೋಣೆಯಿಂದ ಮಾಲೀಕರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲೇ ತಲೆಯ ಮೇಲೆ ಕೈ ಹೊತ್ತರು.

“ಅಯ್ಯೋ ತಾಯಿ! ಮೂಲ ಚಿತ್ರ ನೋಡ್ಬೇಕು ಅಂದ್ಯಲ್ಲಾ ಅಂತ ಮೇಲೆ ಕಳಿಸಿದರೆ, ನಮ್ಮಣ್ಣನ ಮಗನ್ನೇ ಹಿಂಗೆ ಜಜ್ಜಿ ಹಾಕೋದಾ? ಅಕ್ಷರ ಬರೆಯೋನಮ್ಮ ಅವನು!”

“ಚಿಕ್ಕಪ್ಪ, ಇವರನ್ನ ಕಾಲು ತೆಗೀರಿ ಅನ್ನಿ,” ಎಂದ ಅಕ್ಷರದವನು, ನರಳುತ್ತಾ. “ಅದೊಂದು ಮಾಡಿದರೆ ಸಾಕು.”

ಅವಳು ಕಾಲು ತೆಗೆದಳು. ಕ್ಷಮೆ ಕೇಳಲಿಲ್ಲ. ಅವಳ ಕಣ್ಣೆಲ್ಲ ಮೇಜಿನ ಮೇಲಿನ ಪುಟದ ಮೇಲಿತ್ತು.

‘ಕೊಡಲಿ ಕನ್ಯೆ’ ಕಾಮಿಕ್ಸಿನ ಕೊನೆಯ ಪುಟ ಅದು. ಉರಿಯುವ ಸೇತುವೆ. ಹಣೆ ಒಡೆದ ಕನ್ಯೆ. ಅವಳೆದುರು ಮುಖವಾಡದ ವೈರಿ, ಅವಳು ಪ್ರೀತಿಸಿದ ಒಬ್ಬನೇ ಗಂಡಸು. ಕೊಡಲಿಯನ್ನು ನದಿಗೆ ಎಸೆದು ಅವನ ಕಡೆಗೆ ಒಂದು ಕೈ ಚಾಚಿದ್ದಾಳೆ. ಮಾತಿನ ಗುಳ್ಳೆಯಲ್ಲಿ ಒಂದೇ ಪದ: ಹೊಡಿ!

ಮುಂದೇನಾಯಿತು ಅಂತ ಯಾರಿಗೂ ಗೊತ್ತಿಲ್ಲ. ಚಿತ್ರ ಬರೆದವರು ತೀರಿಕೊಂಡರು, ಕಥೆ ಅಲ್ಲಿಗೇ ನಿಂತಿತು. ಈಗ ಮರುಮುದ್ರಣ. ಆ ‘ಹೊ’ ಅಕ್ಷರದ ಬಲಗಡೆಯ ಕೊಂಬು ಅರ್ಧ ಕೆರೆದುಹೋಗಿತ್ತು.

“ಅದು ಹೊಡಿ ಅಲ್ಲ ಕಣ್ರೀ, ಹಿಡಿ,” ಎಂದ ಅವನು, ಮೂಗಿಗೆ ಕರವಸ್ತ್ರ ಒತ್ತಿಕೊಂಡು. “ಮಸಿಯ ಕೆಳಗೆ ಪೆನ್ಸಿಲಿನಲ್ಲಿ ಹಿಡಿ ಅಂತಲೇ ಇದೆ. ಆಗಿನ ಅಕ್ಷರದವರು ತಪ್ಪು ಓದಿದ್ದಾರೆ. ಕೊಂಬು ಕೆರೆದು, ತಲೆಯ ಮೇಲಿನ ಸುಳೀನ ಗುಡಿಸು ಮಾಡಿದರೆ ಆಯ್ತು. ಸೇತುವೆ ಕುಸೀತಿದೆ, ಬೀಳ್ತಿದ್ದಾಳೆ, ‘ನನ್ನ ಹಿಡಿ’ ಅಂತಿದ್ದಾಳೆ.”

ಅವಳು ಬಗ್ಗಿ ಅವನ ಕಾಲರ್ ಹಿಡಿದಳು. ಅವಳ ಉಸಿರು ಅವನ ರಕ್ತದ ಮೇಲೆ ಬಿಸಿಯಾಗಿ ಬಿತ್ತು.

“ಆ ಪದ ಮುಟ್ಟು. ಮಿಕ್ಕ ಬೆರಳೂ ಮುರೀತೀನಿ.”

ಇಷ್ಟು ಹತ್ತಿರದಿಂದ ಅವಳ ಎಡಹುಬ್ಬಿನಲ್ಲಿ ಹಳೆಯ ಹೊಲಿಗೆಯ ಗೆರೆ ಕಾಣುತ್ತಿತ್ತು. ಯಾರೋ ಅವಸರದಲ್ಲಿ ಹಾಕಿದ ಅಲ್ಪವಿರಾಮದ ಹಾಗೆ. ಅವನಿಗೆ ಅದನ್ನು ತಿದ್ದಬೇಕು ಅನ್ನಿಸಲಿಲ್ಲ.

*

ಶಿಕ್ಷೆ ಕೊಟ್ಟದ್ದು ಚಿಕ್ಕಪ್ಪ. “ಪಟ್ಟಿ ಕಟ್ಟಿದ ಕೈಗೆ ಎಡಗೈ ಆಸರೆ ಕೊಟ್ಕೊಂಡು ಬರೀಬೇಕು ಇವನು. ಪುಟ ಅಲುಗದ ಹಾಗೆ ಈಗ ಒಬ್ಬರು ಹಿಡ್ಕೋಬೇಕು. ಮುರಿದೋಳೇ ಬಂದು ಹಿಡ್ಕೊಳ್ಳಲಿ.”

ಶೂಟಿಂಗ್ ಇಲ್ಲದ ದಿನಗಳಲ್ಲಿ ಅವಳು ಬಂದಳು. ಸಿನಿಮಾದಲ್ಲಿ ನಾಯಕಿಯರ ಬದಲು ಬೀಳುವವಳು ಅವಳು. ಮಹಡಿಯಿಂದ, ಓಡುವ ಗಾಡಿಯಿಂದ, ಗಾಜಿನ ಬಾಗಿಲಿನ ಮೂಲಕ. ಎಲ್ಲರೂ ಅವಳನ್ನು ಡ್ಯೂಪ್ ಅಂತಲೇ ಕರೆಯುತ್ತಿದ್ದರು. ಮೊಣಕೈ ಒಂದು ದಿನ ನೇರಳೆ, ಒಂದು ದಿನ ಹಸಿರು. ಅವನು ಬಣ್ಣ ನೋಡಿಯೇ ಗಾಯದ ವಯಸ್ಸು ಹೇಳುವಷ್ಟಾದ.

ತನ್ನ ಹಳೇ ಟೇಪ್ ರೆಕಾರ್ಡರನ್ನೂ ಅವಳು ಹೊತ್ತು ತಂದಳು. ಅದರ ತುಂಬ ಸಿನಿಮಾದ ಹೊಡೆದಾಟಗಳ ಹಿನ್ನೆಲೆ ಸಂಗೀತ. ಥಿಯೇಟರಿನ ಕತ್ತಲೆಯಲ್ಲಿ ಕೂತು ತಾನೇ ರೆಕಾರ್ಡ್ ಮಾಡಿಕೊಂಡದ್ದು, ನಡುನಡುವೆ ಜನರ ಶಿಳ್ಳೆಯೂ ಸೇರಿ. ಯಾವ ಏಟಿಗೆ ಯಾವ ತಾಳ, ಯಾವ ಖಳನಾಯಕ ಎಲ್ಲಿ ಸತ್ತ, ಎಲ್ಲ ಬಾಯಿಪಾಠ.

“ಇಲ್ಲಿ ಪಿಟೀಲು ಅಳುತ್ತಲ್ಲ, ಅದು ಇಷ್ಟ ನನಗೆ,” ಎಂದ ಅವನು ಒಮ್ಮೆ.

“ಅಳೋದಲ್ಲ ಮೇಷ್ಟ್ರೇ ಅದು. ಕತ್ತಿ ಮಸೆಯೋದು.”

“ನಿಮಗೆ ಎಲ್ಲದರಲ್ಲೂ ಕತ್ತೀನೇ ಕೇಳ್ಸುತ್ತಾ?”

“ನನಗೆ ಒಂದೇ ಕಿವಿ ಕೇಳ್ಸೋದು. ಅದರಲ್ಲಿ ಇದೇ ಕೇಳ್ಸುತ್ತೆ.”

ತಮಾಷೆ ಅಂದುಕೊಂಡು ಅವನು ನಕ್ಕ. ಅವಳು ನಗಲಿಲ್ಲ. ಮುಂದಿನ ಸಲ ಅವಳು ಬಂದಾಗ ಅವನ ಸ್ಟೂಲು ಮೇಜಿನ ಆ ಕಡೆಯಿಂದ ಅವಳ ಬಲಗಡೆಗೆ ಬಂದಿತ್ತು. ಪುಟದ ಅಂಚು ಹಿಡಿದ ಅವಳ ಬೆರಳು, ಬರೆಯುವ ಅವನ ಮಣಿಕಟ್ಟು, ಎರಡೂ ಅಂದು ಬೇಕಿದ್ದಕ್ಕಿಂತ ನಿಧಾನವಾಗಿ ಸರಿದವು.

ಇನ್ನೊಂದು ದಿನ ಅವಳು ಅವನನ್ನು ಎಬ್ಬಿಸಿ ನಿಲ್ಲಿಸಿದಳು.

“ಎಲ್ಲಿ, ನನಗೆ ಹೊಡೀರಿ ನೋಡೋಣ. ಸಿನಿಮಾ ಏಟು. ಮುಷ್ಟಿ ಕೆನ್ನೆ ಪಕ್ಕ ಹಾದು ಹೋಗ್ಬೇಕು. ಬೀಳೋದು ನನ್ನ ಜವಾಬ್ದಾರಿ.”

ಅವನ ಮುಷ್ಟಿ ಹೊರಟಿತು. ಅರ್ಧ ದಾರಿಯಲ್ಲಿ ಬಿಚ್ಚಿಕೊಂಡಿತು. ಅಲ್ಲೇ ನಾಚಿ ನಿಂತಿತು.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಕ್ಯಾಮೆರಾ ಎಲ್ಲಿಟ್ಟರೂ ಇದು ಏಟು ಅಂತ ಯಾರೂ ನಂಬಲ್ಲ. ಕೆನ್ನೆ ಸವರೋಕೆ ಬಂದ ಹಾಗಿದೆ.”

“ಹಾಗೇ ಅಂದ್ಕೊಳ್ಳಿ.”

ಮೂರನೇ ಮಹಡಿಯಿಂದ ಕೆಳಗೆ ನೋಡಿ ಹೆದರದವಳು ಕಿಟಕಿಯ ಕಡೆ ತಿರುಗಿ, ಏನೂ ಇಲ್ಲದ ಬೀದಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಹಾಗೆ ಕಿಟಕಿಗೆ ಮುಖ ಮಾಡಿಕೊಂಡೇ ಹೇಳಿದಳು.

“ನಮ್ಮಪ್ಪ ಬೆಲ್ಟು ಬಿಚ್ಚಿದರೆ ನಾನು ಮೇಜಿನ ಕೆಳಗೆ. ಕೈಯಲ್ಲಿ ಕೊಡಲಿ ಕನ್ಯೆ. ಮೇಲೆ ಅಮ್ಮನಿಗೆ ಏಟು ಬೀಳೋ ಸದ್ದು, ಇಲ್ಲಿ ಪುಸ್ತಕದಲ್ಲಿ ಧಡ್, ಫಟ್, ಛಟೀರ್. ಎರಡೂ ಸೇರಿಹೋಗೋವು. ಅಮ್ಮನ್ನ ಹೊಡೀತಿರೋರು ಅಪ್ಪ ಅಲ್ಲ, ಯಾರೋ ರಾಕ್ಷಸ, ಈಗ ಕನ್ಯೆ ಬರ್ತಾಳೆ ಅಂದ್ಕೊಳ್ತಿದ್ದೆ. ಬರ್ಲಿಲ್ಲ. ಒಂದು ದಿನ ಈ ಕೊನೇ ಪುಟ ಓದಿ ನಾನೇ ಹೊರಗೆ ಬಂದೆ. ಅಮ್ಮನ ಮುಂದೆ ನಿಂತು ಅಪ್ಪನಿಗೆ ‘ಹೊಡಿ’ ಅಂದೆ.”

“ಹೊಡೆದರಾ?”

“ಹೊಡೆದ. ಎಡಗಿವಿ ಹೋಯ್ತು. ಆದರೆ ನಾನು ಬೀಳ್ಲಿಲ್ಲ ಮೇಷ್ಟ್ರೇ. ನೆಟ್ಟಗೆ ನಿಂತಿದ್ದೆ. ಅವನೇ ಹೆದರಿ ಹೊರಟುಹೋದ.” ಅವಳು ಇತ್ತ ತಿರುಗಿದಳು. “ಈಗ ನೀವು ಬಂದು ಅದು ಅಕ್ಷರತಪ್ಪು ಅಂತೀರ.”

ಅವನ ಪೆನ್ನಿನ ಮುಳ್ಳಿನ ಮೇಲೆ ಮಸಿ ಒಣಗಿತು.

“ಮೊದಲ ದಿನ ಬ್ಲೇಡು ನಿಮ್ಮ ಕೈಲಿತ್ತು,” ಎಂದಳು ಅವಳು. “ಒಂದು ಸಲ ಬೀಸಿದ್ದರೆ ನನ್ನ ಮುಖ ಸೀಳಿಹೋಗ್ತಿತ್ತು. ಯಾಕೆ ಬೀಸಲಿಲ್ಲ?”

ಅವನು ನಿಜವಾಗಿಯೂ ಯೋಚಿಸಿದ. “ಹೊಳೀಲೇ ಇಲ್ಲ ಕಣ್ರೀ.”

ಅವಳು ಅವನನ್ನು ದಿಟ್ಟಿಸಿದಳು. ತಡೆದುಕೊಂಡ ಗಂಡಸರನ್ನು ಕಂಡಿದ್ದಳು, ಹೆದರಿದವರನ್ನು ಕಂಡಿದ್ದಳು. ಹೊಳೆಯದವನನ್ನು ಕಂಡಿರಲಿಲ್ಲ. ಅಂದು ಮನೆಗೆ ಹೋಗುವಾಗ ಬಸ್ಸಿನಲ್ಲಿ, ಯಾರೂ ಕೇಳದಿದ್ದರೂ, ಕಿಟಕಿಯ ಗಾಜಿಗೆ ಹಣೆಯಿಟ್ಟು ಆ ಪಿಟೀಲಿನ ತುಣುಕನ್ನು ಗುನುಗಿದಳು. ಈ ಸಲ ಅದು ಅಳುತ್ತಿರುವ ಹಾಗೇ ಕೇಳಿಸಿತು.

ಕೊನೆಯ ಪುಟ ಮಾತ್ರ ಡ್ರಾಯರಿನಲ್ಲೇ ಉಳಿಯಿತು. ಮಿಕ್ಕದ್ದೆಲ್ಲ ಮುಗಿಯಿತು. ಚಿಕ್ಕಪ್ಪ ಕೇಳಿದಾಗೆಲ್ಲ ಅವನು, “ಬೆರಳು ಇನ್ನೂ ನೋಯ್ತಿದೆ” ಅನ್ನುತ್ತಿದ್ದ. ಪಟ್ಟಿ ಬಿಚ್ಚಿ ಎಷ್ಟೋ ದಿನವಾಗಿತ್ತು.

*

“ಬನ್ನಿ ಒಂದು ದಿನ,” ಎಂದು ಅವಳೇ ಶೂಟಿಂಗಿಗೆ ಕರೆದಿದ್ದಳು. “ನಾನು ಹೇಗೆ ಬೀಳ್ತೀನಿ ನೋಡಿ. ಚೆನ್ನಾಗಿ ಬೀಳ್ತೀನಿ.”

ಬಂದ. ಲೈಟುಗಳ ಹಿಂದೆ ಸುರುಳಿ ಸುತ್ತಿದ ಕೇಬಲ್‌ಗಳ ನಡುವೆ ನಿಂತುಕೊಂಡ. ಅವಳು ನಾಯಕಿಯ ಹಳದಿ ಫ್ರಾಕು, ನಾಯಕಿಯ ಸುಳ್ಳು ಕೂದಲು ತೊಟ್ಟು ಮೆಟ್ಟಿಲ ಮೇಲೆ ನಿಂತಿದ್ದಳು. ಅವನನ್ನು ಹುಡುಕಿ, ಕಂಡು, ಯಾರಿಗೂ ತಿಳಿಯದ ಹಾಗೆ ಒಂದು ಹುಬ್ಬು ಹಾರಿಸಿದಳು. ಹೊಲಿಗೆ ಇದ್ದ ಹುಬ್ಬು.

ಹೀರೋ ಕೆನ್ನೆಗೆ ಬಾರಿಸಬೇಕು, ಅವಳು ಉರುಳಬೇಕು. ಟೇಕ್ ಮೇಲೆ ಟೇಕ್ ಆಯಿತು. ಅವಳು ಉರುಳಿದಳು, ಎದ್ದಳು, ಮತ್ತೆ ಉರುಳಿದಳು. ಹೀರೋಗೆ ತಲೆ ಚಿಟ್ಟು ಹಿಡಿದಿತ್ತು.

“ಏನ್ ಮಾಸ್ಟರ್, ಬರೀ ಗಾಳೀಗೇ ಹೊಡೆದು ಸಾಕಾಯ್ತು ನನಗೆ,” ಎಂದ ಅವನು ಫೈಟ್ ಮಾಸ್ಟರಿಗೆ. “ಒಂದು ಸಲ ರಿಯಲ್ ಆಗಿ ಬರಲಿ ಬಿಡಿ.”

ಯಾರಾದರೂ ಬೇಡ ಅನ್ನುವ ಮೊದಲೇ ಕ್ಯಾಮೆರಾ ಓಡಿತು. ಈ ಸಲ ಮುಷ್ಟಿ ಪಕ್ಕಕ್ಕೆ ಹೋಗಲಿಲ್ಲ. ಹುಬ್ಬಿನ ಮೇಲೆ ಬಿತ್ತು. ಅವಳು ಬೀಳುವ ಕಸುಬನ್ನೇ ಮರೆತು ಸುಮ್ಮನೆ ಬಿದ್ದಳು, ಮೂಟೆಯ ಹಾಗೆ, ಪಕ್ಕೆ ಮೆಟ್ಟಿಲಂಚಿಗೆ ತಾಗಿ. ಹಳದಿ ಫ್ರಾಕಿನ ಮೇಲೆ ಕೆಂಪು ಹರಡಿತು.

“ಸೂಪರ್!” ಹೀರೋ ನಕ್ಕ. “ನೋಡಿ, ಹೇಗೆ ಬಂತು!”

ಕೇಬಲ್‌ಗಳ ನಡುವಿನಿಂದ ಯಾರೋ ನುಗ್ಗಿದ್ದನ್ನು ಮೊದಲು ಯಾರೂ ಗಮನಿಸಲಿಲ್ಲ. ಅಕ್ಷರದವನ ಮುಷ್ಟಿ ಈ ಸಲ ದಾರಿಯಲ್ಲಿ ಬಿಚ್ಚಿಕೊಳ್ಳಲಿಲ್ಲ. ಹೀರೋನ ಹಲ್ಲು ಮುರಿಯಿತು. ಬಿದ್ದವನ ಎದೆಯ ಮೇಲೆ ಹತ್ತಿ ಕೂತು ಅವನು ಮತ್ತೆ ಹೊಡೆದ, ಮತ್ತೆ ಹೊಡೆದ. ಬೆರಳ ಗಂಟುಗಳು ಒಡೆದು ಯಾವ ರಕ್ತ ಯಾರದ್ದೆಂದು ತಿಳಿಯದ ಹಾಗಾಯಿತು. ಹೀರೋ ಕೈ ಮುಗಿದ. ಅದರ ಮೇಲೂ ಹೊಡೆದ.

“ಬಿಡಿ ಮೇಷ್ಟ್ರೇ! ಸಾಕು, ಬಿಡಿ!” ನೆಲದಿಂದ ಅವಳು ಚೀರಿದಳು.

ಅವನು ತಿರುಗಿದ. ತುಟಿ ಮೇಲಕ್ಕೆ ಸರಿದು ಹಲ್ಲು ಕಾಣುತ್ತಿತ್ತು, ಕಣ್ಣಿನಲ್ಲಿ ಯಾರೂ ಇರಲಿಲ್ಲ. ಆ ಮುಖ ಅವಳಿಗೆ ಗೊತ್ತಿತ್ತು. ಮೇಜಿನ ಕೆಳಗಿನಿಂದ ಎಷ್ಟೋ ಸಲ ನೋಡಿದ್ದಳು.

ಆಮೇಲೆ ಹೀರೋನ ಕಡೆಯವರು ಅವನ ಮೇಲೆ ಬಿದ್ದು ಮನಬಂದಂತೆ ತುಳಿದರು. ಫೈಟ್ ಮಾಸ್ಟರ್ ನಡುವೆ ಬಂದು ಎಳೆದುಕೊಳ್ಳದಿದ್ದರೆ ಅಲ್ಲೇ ಮುಗಿದುಹೋಗುತ್ತಿದ್ದ.

*

ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ನರ್ಸ್ ಅವಳ ಹುಬ್ಬು ಹೊಲಿದು, ಪಕ್ಕೆಗೆ ಪಟ್ಟಿ ಬಿಗಿದು, “ಆ ಯಪ್ಪನ ಸರದಿ ಈಗ ಬರುತ್ತೆ, ಕೂತಿರಿ” ಎಂದು ಹೊರಗೆ ಹೋದಳು. ಬೆಂಚಿನ ಮೇಲೆ ಅವನು ಊದಿದ ಮುಖ ಹೊತ್ತು ಕೂತಿದ್ದ. ಅವಳು ಕುಂಟುತ್ತಾ ಬಂದು ಪಕ್ಕದಲ್ಲಿ ಕೂತಳು. ಅವನ ಬಲಗೈ ಎಳೆದು ಮಡಿಲಲ್ಲಿಟ್ಟುಕೊಂಡು ಸ್ಪಿರಿಟ್ಟಿನ ಹತ್ತಿಯಿಂದ ಗಂಟುಗಳನ್ನು ಒಂದೊಂದಾಗಿ ಒರೆಸತೊಡಗಿದಳು.

“ಉರೀತಿದೆ,” ಎಂದ.

“ಉರೀಲಿ.”

“ನೋವಾಯ್ತಾ ನಿನಗೆ?”

ನಿನಗೆ. ಬಹುವಚನ ಹೊರಟುಹೋಗಿತ್ತು. ಎಷ್ಟು ದಿನದಿಂದ ಅವಳು ಈ ಏಕವಚನಕ್ಕೆ ಕಾದಿದ್ದಳು! ಬಂದೇ ಬಂತು, ಆದರೆ ಎಂಥ ಬಾಯಿಂದ, ಎಂಥ ಹೊತ್ತಿನಲ್ಲಿ.

“ನಾನು ತೀರ್ಮಾನ ಮಾಡಿಬಿಟ್ಟೆ,” ಅವನು ಒಡೆದ ತುಟಿಯಲ್ಲೇ ಉತ್ಸಾಹದಿಂದ ಹೇಳಿದ. “ಕೊಂಬು ಕೆರೆಯಲ್ಲ. ಕೆರೆದಷ್ಟನ್ನೂ ಮತ್ತೆ ಬರೀತೀನಿ. ಹೊಡಿ ಅಂತಲೇ ಅಚ್ಚಾಗುತ್ತೆ. ಪೆನ್ಸಿಲ್ ಏನಾದರೂ ಹೇಳ್ಕೊಳ್ಳಲಿ. ಇವತ್ತು ಆ ಪದ ನನಗೂ ಅರ್ಥ ಆಯ್ತು.”

ಅವಳು ಹತ್ತಿ ಬದಲಿಸಿದಳು.

“ನನ್ನ ಕೈಗೆ ಇಷ್ಟೊಂದು ಬರುತ್ತೆ ಅಂತ ನನಗೇ ಗೊತ್ತಿರಲಿಲ್ಲ ಕಣೇ. ಇನ್ನು ಯಾರು ನಿನ್ನ ಮೇಲೆ ಕೈ ಎತ್ತಿದರೂ ನಾನಿದ್ದೀನಿ. ಮದುವೆ ಆಗೋಣ. ನೀನು ಮೇಜಿನ ಕೆಳಗೆ ಕೂತು ಕಾದೆಯಲ್ಲ, ಯಾರೋ ಬರ್ತಾರೆ ಅಂತ. ಬಂದಿದ್ದೀನಿ ಅಂದ್ಕೋ.”

ಅವಳ ಹೊಸ ಹೊಲಿಗೆ ಜಿನುಗಿ ಒಂದು ಹನಿ ಅವನ ಮಣಿಕಟ್ಟಿನ ಮೇಲೆ ಬಿತ್ತು. ಬೆರಳಿನಿಂದ ಒರೆಸಿದಳು. ಆ ಕೈಯನ್ನು ಕೆಳಗಿಡಲಿಲ್ಲ.

“ಅವನು ಕೈ ಮುಗಿದಿದ್ದ, ನೋಡಿದ್ರಾ?”

“ಯಾರು, ಆ ಹೀರೋನಾ? ಮುಗೀಲಿ ಬಿಡು. ಅವನಿಗೆ ಅಷ್ಟೂ ಬೇಕಿತ್ತು.”

“ನಮ್ಮಮ್ಮನೂ ಮುಗೀತಿದ್ದಳು.”

ಅವನ ಮುಖದ ಉತ್ಸಾಹ ನಿಧಾನವಾಗಿ ಇಳಿಯಿತು. “ನೀನೂ ಹೊಡೀತೀಯಲ್ಲೇ. ನನ್ನ ಬೆರಳನ್ನೇ ಮುರಿದೆ.”

“ಅದಕ್ಕೇ ಗೊತ್ತು ನನಗೆ. ಒಂದು ಸಲ ಹೊಳೆದರೆ ಅದು ಮತ್ತೆ ಮತ್ತೆ ಹೊಳೆಯುತ್ತೆ.” ಅವಳ ಹಿಡಿತ ಅವನ ಮಣಿಕಟ್ಟಿನ ಸುತ್ತ ನೋವಾಗುವಷ್ಟು ಬಿಗಿಯಾಯಿತು. “ನಾನು ನಿಮ್ಮ ಕೋಣೆಗೆ ಅಷ್ಟು ದಿನ ಬಂದದ್ದು ಪುಟ ಕಾಯೋಕೆ ಅಂದ್ಕೊಂಡ್ರಾ?”

“ಹಾಗಾದರೆ ಬೇಡ ಅಂತೀಯಾ? ಯಾವುದು? ಆ ಪದಾನಾ, ನಾನಾ?”

“ಹೊಡೆಯೋನು ಬೇಡ,” ಎಂದಳು, ಹಿಡಿದ ಕೈ ಬಿಡದೆ.