ಮಾವನ ಮಣಿಕಟ್ಟಿನ ಗಂಟು

"ಆ ದಾರ ಮಾತ್ರ ಮುಟ್ಟಬೇಡಿ ಅಳಿಯಂದ್ರೇ," ಎಂದರು ಅತ್ತೆ, ಮಾವನ ಮಣಿಕಟ್ಟಿನತ್ತ ತೋರಿಸಿ. "ಅವರ ಉಸಿರು ನಿಂತಮೇಲೂ ಮುಟ್ಟಬೇಡಿ."

ಅಳಿಯ ನಕ್ಕುಬಿಟ್ಟ. ಕಾಲೇಜಿನಲ್ಲಿ ಎಲ್ಲ ಧರ್ಮಗಳ ತತ್ವ ಪಾಠ ಹೇಳುವವನು. ಹೆಂಡತಿಯ ತವರಿಗೆ ಬಂದದ್ದೇ ಮೊದಲ ಸಲ, ಅದೂ ಮಾವ ಸಾಯಲು ಮಲಗಿದ್ದಾರೆಂಬ ಸುದ್ದಿ ಕೇಳಿ.

"ಆತ್ಮ ಬಟ್ಟೆ ಬದಲಿಸಿದ ಹಾಗೆ ಮೈ ಬದಲಿಸುತ್ತೆ ಅಂತಾರೆ ಒಬ್ರು. ದೇವರು ಕರೆಯೋವರೆಗೂ ಗೋರಿಯಲ್ಲಿ ಮಲಗಿರುತ್ತೆ ಅಂತಾರೆ ಇನ್ನೊಬ್ರು. ಆತ್ಮಾನೇ ಇಲ್ಲ ಅನ್ನೋರೂ ಇದ್ದಾರೆ. ದಾರ ಕಟ್ಟಿ ಹಿಡ್ಕೋಬಹುದು ಅಂತ ಮಾತ್ರ ಯಾರೂ ಹೇಳಿಲ್ಲ ಅತ್ತೆ!"

"ಇವರು ಹಿಡಿದಿದ್ರು," ಎಂದಷ್ಟೇ ಹೇಳಿ ಅತ್ತೆ ಒಳಗೆ ನಡೆದರು.

ಉಳಿದದ್ದನ್ನು ಹೆಂಡತಿ ಪಿಸುಗುಟ್ಟಿದಳು. ಅಪ್ಪ ಒಂದು ಕಾಲಕ್ಕೆ ಮಾಟ ಮಾಡುತ್ತಿದ್ದರು. ಸತ್ತವನೊಬ್ಬನ ಜೀವವನ್ನು ಕಟ್ಟಿ, ಆಗದವರ ಮನೆಗೆ ಬಿಡುತ್ತಿದ್ದರು. ಒಂದು ದಿನ ಅದು ತಿರುಗಿ ಬಂದು ಅವರೊಳಗೇ ಕೂತಿತು. ಬೇರೆ ಯಾರ ಮೈಗೂ ದಾಟದಿರಲೆಂದು ಅಮ್ಮ ಈ ಗಂಟು ಹಾಕಿಸಿದ್ದರು.

ಅವನಿಗೆ ಅನುಮಾನ ಬಂದದ್ದು ಅತ್ತೆಯ ಮೇಲೆ. ಕಿಟಕಿ ತೆರೆಯಗೊಡುವುದಿಲ್ಲ, ಡಾಕ್ಟರನ್ನು ಕರೆಸುವುದಿಲ್ಲ. ದಾರ ಮಾಂಸಕ್ಕಿಳಿದು ಕೀವಾಗಿತ್ತು. ಕೋಣೆಯಲ್ಲೆಲ್ಲ ಸುಟ್ಟ ಕೂದಲಿನ ಕಮಟು. ಇದು ಆರೈಕೆಯೋ, ಹಳೇ ಸೇಡೋ?

ಮಧ್ಯಾಹ್ನ ಹೆಂಗಸರಿಬ್ಬರೂ ಅಡುಗೆಮನೆಯಲ್ಲಿದ್ದಾಗ ಮಾವ ಕಣ್ಣು ತೆರೆದರು. ಕೆನ್ನೆ ಮೇಲೆ ನೀರು.

"ನೋವು ಅಳಿಯಂದ್ರೇ. ತಡಿಯೋಕಾಗ್ತಿಲ್ಲ."

ಅವನು ಕೀವುಗಟ್ಟಿದ ಮಣಿಕಟ್ಟನ್ನು ನೋಡಿದ. ಗೋಡೆಯ ಗೂಡಿನಲ್ಲಿದ್ದ ಕತ್ತರಿ ಕೈಗೆತ್ತಿಕೊಂಡ. ದಾರ ಕತ್ತರಿಸಿದ.

ಮಾವ ಉಸಿರು ಬಿಟ್ಟರು. ಬಿಡುತ್ತಲೇ ಇದ್ದರು. ಅದು ಮುಗಿಯಲೇ ಇಲ್ಲ. ಅಗೆದ ಹಸಿಮಣ್ಣಿನ ವಾಸನೆ ಮೂಗಿಗಡರಿತು. ಬೆಳಕು ಕುಗ್ಗಿತು. ಏನೋ ತಣ್ಣಗೆ ಪಕ್ಕದಲ್ಲೇ ಸರಿಯಿತು. ಆಮೇಲೆ ಮಾವನ ಉಸಿರು ನಿಂತಿತು.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಹಿಂದೆ ಅತ್ತೆ.

"ಯಾರೊಳಗೆ ಹೋಯ್ತು?" ಕತ್ತರಿಸಿದ ದಾರ ನೋಡಿ ಅತ್ತೆ ಕೇಳಿದರು.

ಅವನು ಹೆಂಡತಿಯನ್ನೇ ದಿಟ್ಟಿಸಿದ. ಅಪ್ಪ ಹೋದರೂ ಅವಳ ಕಣ್ಣಲ್ಲಿ ಒಂದು ಹನಿಯಿಲ್ಲ. ಅವನ ಬೆನ್ನು ಗೋಡೆಗೆ ತಾಗಿತು.

"ಅಲ್ಲೇ ನಿಲ್ಲು! ನಾವು ಮೊದಲು ಸಿಕ್ಕಿದ್ದು ಎಲ್ಲಿ, ಹೇಳು."

"ಲೈಬ್ರರಿ ಮೆಟ್ಟಿಲ ಮೇಲೆ. ನಿಮ್ಮ ಚಪ್ಪಲಿ ಕಿತ್ತುಹೋಗಿತ್ತು. ಕೈಯಲ್ಲಿ ಹಿಡ್ಕೊಂಡು ನಿಂತಿದ್ರಿ."

ಅವನು ಯೋಚಿಸಿದ. ಯಾವ ಮೆಟ್ಟಿಲು? ಯಾವ ಚಪ್ಪಲಿ? ಉತ್ತರ ಸರಿಯೋ ತಪ್ಪೋ ಅವನಿಗೇ ಗೊತ್ತಾಗಲಿಲ್ಲ.

ಅವಳ ಮುಖ ಬಿಳಿಚಿಕೊಂಡಿತು.

"ರೀ... ನನ್ನ ಹೆಸರೇನು?"

ಬಾಯಿ ತೆರೆದ. ನಾಲಗೆ ಹೊರಳಿತು. ಹೆಸರಿದ್ದ ಜಾಗವನ್ನು ತಡಕಿದ. ಅಲ್ಲಿ ಬೇರೆ ಯಾರೋ ಕೂತಿದ್ದರು.

"ಹೇಳ್ರೀ," ಎಂದು ಅವಳು ಅಂಗಲಾಚಿದಳು. "ಒಂದೇ ಒಂದು ಸಲ."

ಅತ್ತೆ ಮಗಳ ರಟ್ಟೆ ಹಿಡಿದು ಹೊರಗೆಳೆದರು. ಹೊರಗಿನಿಂದ ಚಿಲಕ ಬಿತ್ತು. ಆಚೆ ಅವಳು ಅಳತೊಡಗಿದಳು, ಗಂಡ ಸತ್ತವಳಂತೆ.